ಬಿಂದುವಿನ ಬಲಗಡೆಯ ಕುಂಬಳಕಾಯಿ

ಆ ಭಾನುವಾರದ ಘಟನೆಗಳು ನಡೆದ ಕ್ರಮ ಹೀಗಿದೆ: ಬೆಳಗ್ಗೆ ತೂಕ, ಮಧ್ಯಾಹ್ನ ಮೌನ, ಸಂಜೆ ಅವಮಾನ. ಮೊದಲನೆಯದು ಸರಿಯಾಗಿ ನಡೆದಿದ್ದರೆ ಉಳಿದೆರಡು ನಡೆಯುತ್ತಲೇ ಇರಲಿಲ್ಲ ಎಂದು ಆ ಕಟ್ಟಡದವರು ಇಂದಿಗೂ ವಾದಿಸುತ್ತಾರೆ. ವಾದದಲ್ಲಿ ಹುರುಳಿದೆ, ಆದರೆ ಅವರು ತಿಳಿದುಕೊಂಡಿರುವ ರೀತಿಯಲ್ಲಿ ಅಲ್ಲ.

ಎಲ್ಲಕ್ಕೂ ಮೂಲ ಒಂದು ಸೊನ್ನೆ. ಅದನ್ನು ಹೆಬ್ಬೆರಳಿನಿಂದ ಅಳಿಸಿದವನು ಎರಡನೇ ಮಹಡಿಯ ನಿವಾಸಿ. ನಿಯಮಾವಳಿ ಪುಸ್ತಕಗಳನ್ನು ಅಚ್ಚುಹಾಕುವ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವನು. ಮೆಟ್ಟಿಲಿಳಿಯುವಾಗ ಪ್ರತಿ ತಿರುವಿನಲ್ಲೂ ಒಂದು ಕ್ಷಣ ನಿಂತು, ಕನ್ನಡಕ ಸರಿಪಡಿಸಿಕೊಂಡು ಮುಂದಡಿಯಿಡುವ ಅವನ ಅಭ್ಯಾಸವನ್ನು ನೋಡಿ ನೆರೆಯವರು ಅವನಿಗೆ ‘ಅಲ್ಪವಿರಾಮ’ ಎಂದು ಹೆಸರಿಟ್ಟಿದ್ದರು. ಎದುರಿಗೆ ‘ಸಾರ್’, ತಿರುವು ದಾಟಿದ ಮೇಲೆ ಅಲ್ಪವಿರಾಮ.

ಆ ಕಟ್ಟಡದ ತಾರಸಿಯಲ್ಲಿ ಒಂದೇ ಒಂದು ಮೂಲೆಗೆ ದಿನವಿಡೀ ಬಿಸಿಲು ಬೀಳುತ್ತಿತ್ತು. ಮಿಕ್ಕ ಜಾಗಕ್ಕೆಲ್ಲ ನೀರಿನ ಟ್ಯಾಂಕು ಮತ್ತು ಪಕ್ಕದ ಎತ್ತರದ ಕಟ್ಟಡ ಪಾಳಿಯ ಮೇಲೆ ನೆರಳು ಹಾಸುತ್ತಿದ್ದವು. ಆ ಮೂಲೆಗಾಗಿ ನಡೆಯುತ್ತಿದ್ದ ಜಗಳಗಳಿಂದ ಬೇಸತ್ತು ನಿವಾಸಿಗಳ ಸಂಘದ ಕಾರ್ಯದರ್ಶಿಗಳು ವರ್ಷಕ್ಕೊಂದು ಸ್ಪರ್ಧೆ ಏರ್ಪಡಿಸುತ್ತಿದ್ದರು: ಯಾರ ಕುಂಡದಲ್ಲಿ ಅತಿ ಭಾರದ ಕುಂಬಳಕಾಯಿ ಬೆಳೆಯುತ್ತದೋ ಅವರಿಗೆ ಮುಂದಿನ ಒಂದು ವರ್ಷ ಬಿಸಿಲಿನ ಮೂಲೆ. ಬಿಸಿಲಿದ್ದವರ ಕಾಯಿ ಭಾರವಾಗುತ್ತದೆ, ಭಾರದ ಕಾಯಿಯವರಿಗೇ ಬಿಸಿಲು ಸಿಗುತ್ತದೆ ಎಂಬ ತೊಡಕನ್ನು ಯಾರೂ ಗಮನಿಸಿರಲಿಲ್ಲ. ಹೀಗಾಗಿ ಮೂರನೇ ಮಹಡಿಯ ನಿವೃತ್ತ ಗಣಿತದ ಮೇಡಂ ಆ ಮೂಲೆಯಲ್ಲಿ ಬೇರು ಬಿಟ್ಟು ಕೂತಿದ್ದರು.

ಅಲ್ಪವಿರಾಮನ ಹೆಂಡತಿಯ ಪಾಲಿಗೆ ಇದ್ದದ್ದು ಮನೆಯ ಹಿಂದಿನ ಬಾಲ್ಕನಿ. ಬಿಸಿಲು ಅಲ್ಲಿಗೆ ಮುನಿಸಿಕೊಂಡ ನೆಂಟರಂತೆ ಬಂದು, ಹೊಸ್ತಿಲಲ್ಲೇ ಮುಖ ತೋರಿಸಿ ಹೊರಟುಬಿಡುತ್ತಿತ್ತು. ಆದರೂ ಅವಳು ಈ ವರ್ಷ ಬಳ್ಳಿಯನ್ನು ಸರಳುಗಳ ಮೇಲೆ ಹಬ್ಬಿಸಿ, ಕಾಯಿಯನ್ನು ಹಲಗೆಯ ಮೇಲೆ ಕೂರಿಸಿ, ಕೂಸಿನ ಮಗ್ಗುಲು ಬದಲಿಸುವಂತೆ ಬಿಸಿಲು ಬಂದ ಕಡೆಗೆ ತಿರುಗಿಸಿ ತಿರುಗಿಸಿ ಬೆಳೆಸಿದ್ದಳು. ಕಾಯಿ ಚೆಂಡಿನಂತೆ ದುಂಡಗಾಗಿತ್ತು.

“ರೀ, ಇದನ್ನ ನೀವೇ ತಗೊಂಡು ಹೋಗಿ. ಮೆಟ್ಟಿಲಲ್ಲಿ ನಾನು ಎಡವಿದ್ರೆ ಕಷ್ಟ,” ಎಂದಳು ಬೆಳಗ್ಗೆ. ಹಳೆಯ ಟವೆಲೊಂದನ್ನು ಸೀಳಿ, ಹೊಸೆದು ಸುತ್ತಿ ಮಾಡಿದ ಸಿಂಬಿಯ ಮೇಲೆ ಕಾಯಿಯನ್ನು ಕೂರಿಸಿದಳು. “ಉರುಳಿಬಿಟ್ಟೀತು, ಹುಷಾರು.”

“ನೋಡು, ನಾನು ತೀರ್ಪುಗಾರ. ಅಲ್ಲಿ ನೀನು ನನಗೆ ಹೆಂಡತಿಯಲ್ಲ.”

“ಬೇಡ ಬಿಡಿ. ನನಗೇನೂ ಉಪಕಾರ ಮಾಡ್ಬೇಡಿ. ಅನ್ಯಾಯ ಮಾಡದಿದ್ರೆ ಸಾಕು.”

ಅವನು ತೀರ್ಪುಗಾರನಾದದ್ದು ಸ್ವಂತ ತಪ್ಪಿನಿಂದ. ಈ ವರ್ಷದ ಸ್ಪರ್ಧೆಯ ಪ್ರಕಟಣೆಯಲ್ಲಿ ನಾಲ್ಕಾರು ಕಾಗುಣಿತದ ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ ಗೋಡೆಗೇ ಮರಳಿ ಅಂಟಿಸಿದ್ದ. ಕಾರ್ಯದರ್ಶಿಗಳು ಅದನ್ನು ಕಂಡು, “ಅಷ್ಟು ಗೊತ್ತಿರೋರು ನೀವೇ ನಡೆಸಿಕೊಡಿ ಸಾರ್,” ಎಂದು ಅವನ ಕೊರಳಿಗೇ ಕಟ್ಟಿದ್ದರು. ಹೆಂಡತಿಯೂ ಸ್ಪರ್ಧಿ ಎಂದು ಅವನು ನೆನಪಿಸಿದಾಗ ಅವರು ನಕ್ಕಿದ್ದರು: “ಪಕ್ಷಪಾತ ಮಾಡೋಕೂ ಧೈರ್ಯ ಬೇಕು. ಅದು ನಿಮಗೆಲ್ಲಿದೆ?”

ತಾರಸಿಯ ಮೇಲೆ ಮೇಜು, ಮೇಜಿನ ಮೇಲೆ ಎರವಲು ತಂದ ತೂಕದ ಯಂತ್ರ, ಪಕ್ಕದಲ್ಲಿ ಮೇಡಂ ಮನೆಯ ಕಪ್ಪು ಹಲಗೆ. ಮೊದಲು ಕೆಳಮನೆಯ ಹಲ್ಲಿನ ಡಾಕ್ಟರ ಕಾಯಿ ಬಂತು. ನೋವಿನ ಕೆನ್ನೆಯಂತೆ ಒಂದೇ ಕಡೆ ಊದಿಕೊಂಡಿದ್ದ ಅದು 4.2 ಕಿಲೋ ತೂಗಿ ಹಿಂದಕ್ಕೆ ಸರಿಯಿತು. ಬಳಿಕ ಮೇಡಂ ಅವರ ಕಾಯಿ. ಚಪ್ಪಟೆ ತಳದ ಅದು ಪೀಠದಲ್ಲಿ ಕೂತಂತೆ ತಟ್ಟೆಯ ಮೇಲೆ ಕೂತಿತು. ಯಂತ್ರದಲ್ಲಿ 9.75 ಎಂದು ಮೂಡಿತು. ಅವನು ಹಲಗೆಯ ಮೇಲೆ ಹಾಗೆಯೇ ಬರೆದ.

ಕೊನೆಯದು ಹೆಂಡತಿಯ ಕಾಯಿ. ಉರುಳೀತೆಂಬ ಭಯದಿಂದ ಅವನು ಉಸಿರು ಬಿಗಿಹಿಡಿದು, ಮೆಲ್ಲಗೆ ಎತ್ತಿ ತಟ್ಟೆಯ ನಟ್ಟನಡುವೆ ಇರಿಸಿದ. 9.80. ಹಲಗೆಯ ಮೇಲೆ ಅದನ್ನೂ ಬರೆದ; ಬರೆದು ಅಭ್ಯಾಸದಂತೆ ಒಂದು ಕ್ಷಣ ನಿಂತ. ಕೊನೆಯ ಸೊನ್ನೆ ಅವನ ಕಣ್ಣಿಗೆ ಚುಚ್ಚಿತು.

“ಇದು ಅನಗತ್ಯ,” ಎಂದು ಹೆಬ್ಬೆರಳಿನಿಂದ ಒರೆಸಿದ. “ಕೊನೆಯ ಸೊನ್ನೆಗೆ ಬೆಲೆಯಿಲ್ಲ. ನಮ್ಮ ಮುದ್ರಣಾಲಯದಲ್ಲಿ ಇದನ್ನೆಲ್ಲ ಉಳಿಸೋದಿಲ್ಲ.”

ಅಲ್ಲಿಯವರೆಗೆ ಎಲ್ಲವೂ ಸರಿಯೇ ಇತ್ತು. ಆದರೆ ಈಗ ಹಲಗೆಯ ಮೇಲೆ ಉಳಿದದ್ದು 9.75 ಮತ್ತು 9.8. ಅಲ್ಪವಿರಾಮನ ಬದುಕೆಲ್ಲ ನಿಯಮಾವಳಿಗಳಲ್ಲಿ ಸವೆದಿತ್ತು. ಅಲ್ಲಿ 9.8 ಎಂದರೆ ಒಂಬತ್ತನೇ ಅಧ್ಯಾಯದ ಎಂಟನೇ ನಿಯಮ. ಅದು ಅಧ್ಯಾಯದ ಮೊದಲ ಪುಟದಲ್ಲೇ ಸಿಗುತ್ತದೆ. 9.9 ಆದ ಮೇಲೆ 9.10, ಅದಾದ ಮೇಲೆ 9.11. ಎಪ್ಪತ್ತೈದನೇ ನಿಯಮ ಬರಬೇಕಾದರೆ ಅನೇಕ ಪುಟಗಳನ್ನು ತಿರುವಬೇಕು, ಕಣ್ಣು ಉರಿಯಬೇಕು, ಎರಡು ಸಲ ಕಾಫಿ ಕುಡಿಯಬೇಕು. ಎಪ್ಪತ್ತೈದು ಎಂಟಕ್ಕಿಂತ ಹಿಂದೆ ಬಿದ್ದದ್ದನ್ನು ಅವನು ಕಂಡದ್ದೇ ಇಲ್ಲ. ಕಂಡಿದ್ದರೆ ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದ.

“ಒಂಬತ್ತು ಪಾಯಿಂಟ್ ಎಂಟು,” ಎಂದು ಗಂಭೀರವಾಗಿ ಓದಿದ. “ಒಂಬತ್ತು ಪಾಯಿಂಟ್ ಎಪ್ಪತ್ತೈದು. ಆದ್ದರಿಂದ ಈ ವರ್ಷವೂ ಬಿಸಿಲಿನ ಮೂಲೆ ಮೇಡಂ ಅವರಿಗೇ.”

ಕಿವಿಗೆ ಎಂಟು ಚಿಕ್ಕದಾಗಿಯೂ ಎಪ್ಪತ್ತೈದು ದೊಡ್ಡದಾಗಿಯೂ ಕೇಳಿಸಿದ್ದರಿಂದ ಎಲ್ಲರೂ ಚಪ್ಪಾಳೆ ತಟ್ಟಿದರು. ಹಲ್ಲಿನ ಡಾಕ್ಟರಿಗೆ ಏನೋ ಅನುಮಾನ ಸುಳಿಯಿತು, ಆದರೆ 4.2 ತಂದವರಿಗೆ ಬಾಯಿ ತೆರೆಯುವ ಮುಖವಿರಲಿಲ್ಲ. ಮೇಡಂ ಒಮ್ಮೆ ಕೆಮ್ಮಿದರು. ಬಳಿಕ ಬಿಸಿಲಿನ ಮೂಲೆಯತ್ತ ಕಣ್ಣು ಹಾಯಿಸಿ ಸುಮ್ಮನಾದರು.

ಹೆಂಡತಿ ಹಲಗೆಯನ್ನು ನೋಡಿದಳು. ಗಂಡನನ್ನು ನೋಡಿದಳು. ಮೇಜಿನ ಬಳಿ ಬಂದು ಕಾಯಿಯನ್ನು ಬರಿಗೈಯಲ್ಲಿ ಬಾಚಿ ತಬ್ಬಿಕೊಂಡು ಮೆಟ್ಟಿಲಿಳಿದಳು. ಸಿಂಬಿ ಅನಾಥವಾಗಿ ಮೇಜಿನ ಮೇಲೆ ಉಳಿಯಿತು.

ಮಧ್ಯಾಹ್ನ ಊಟದ ಮೇಜಿನಲ್ಲಿ ಚಮಚದ ಸದ್ದು ಮಾತ್ರ ಕೇಳುತ್ತಿತ್ತು. ಅದನ್ನು ತಾಳಲಾರದೆ ಅವನೇ ಬಾಯಿ ಬಿಟ್ಟ.

“ಬೇಜಾರು ಮಾಡ್ಕೋಬೇಡ. ಸ್ವಲ್ಪದರಲ್ಲಿ ಹೋಯ್ತು.”

“ಒಂದು ಕೇಳ್ಲಾ? ನಮ್ಮದು ಒಂಬತ್ತು ಕಿಲೋ ಎಂಟುನೂರು ಗ್ರಾಂ. ಅವರದ್ದು ಒಂಬತ್ತು ಕಿಲೋ ಏಳುನೂರ ಐವತ್ತು. ಯಾವುದು ಹೆಚ್ಚು?”

“ಎಂಟುನೂರೇ ಹೆಚ್ಚು. ಅದನ್ನ ಕೇಳ್ಬೇಕಾ?” ಎಂದ ಅವನು. ಎಂದವನ ಚಮಚ ಗಾಳಿಯಲ್ಲೇ ನಿಂತಿತು.

ಬಿಸಿ ಮೊದಲು ಕಿವಿಗಳಿಗೆ ಏರಿತು, ಅಲ್ಲಿಂದ ಕೊರಳಿಗೆ ಇಳಿಯಿತು. ಎದುರಿಗೆ ಕಿಟಕಿಯ ಪರದೆ ಕಾಣುತ್ತಿತ್ತು. ಹೋದ ವರ್ಷ ಅಂಗಡಿಯಲ್ಲಿ 1.5 ಮೀಟರಿನ ತುಂಡು, 1.25 ಮೀಟರಿನ ತುಂಡು ಎರಡನ್ನೂ ತೋರಿಸಿದಾಗ, ಧಾರಾಳವಾಗಿರಲಿ ಎಂದು 1.25ರದ್ದನ್ನು ಆರಿಸಿ ತಂದವನು ಅವನೇ. ಅದು ಬೆಳೆದ ಹುಡುಗನ ಹಳೆಯ ಚಡ್ಡಿಯಂತೆ ಕಿಟಕಿಯ ತಳ ಮುಟ್ಟದೆ ನಿಂತಾಗ, ಬಟ್ಟೆ ಕುಗ್ಗಿದೆ ಎಂದು ಅಂಗಡಿಯವನ ಮೇಲೆ ಕೂಗಾಡಿ ಬಂದಿದ್ದ. ಆ ಅಂಗಡಿಯವನು ತನ್ನನ್ನೇಕೆ ಅಷ್ಟು ಕರುಣೆಯಿಂದ ನೋಡಿದನೆಂಬುದು ಅವನಿಗೆ ಈಗ ಅರ್ಥವಾಯಿತು.

“ಅಂದ್ರೆ ಯಾವುದು ಹೆಚ್ಚು ಅಂತ ನಿಮಗೆ ಗೊತ್ತಿತ್ತು,” ಎಂದಳು ಹೆಂಡತಿ ನಿಧಾನವಾಗಿ. “ಗೊತ್ತಿದ್ದೂ ನನ್ನ ಸೋಲಿಸಿದ್ರಿ. ನ್ಯಾಯವಂತ ಅಂತ ಜನ ಹೊಗಳಲಿ ಅಂತ.”

ಅವನ ಮುಂದೆ ಎರಡು ದಾರಿಗಳಿದ್ದವು. ಒಂದು, ತಾನು ಕಲ್ಲೆದೆಯ ಆದರ್ಶವಾದಿ ಎಂದು ಒಪ್ಪಿಕೊಳ್ಳುವುದು. ಇನ್ನೊಂದು, ಜಗತ್ತಿನ ತಪ್ಪುಗಳನ್ನೆಲ್ಲ ತಿದ್ದುವ ತನಗೆ ಮಕ್ಕಳ ಲೆಕ್ಕ ಬರುವುದಿಲ್ಲ ಎಂದು ಹೇಳುವುದು. ಅವನು ಕನ್ನಡಕ ಸರಿಪಡಿಸಿಕೊಂಡ.

“ತೀರ್ಪುಗಾರನಾದ ಮೇಲೆ… ಹೆಂಡತಿ ಅಂತ ನೋಡೋಕಾಗುತ್ತಾ? ಜನ ಏನಂದುಕೊಂಡಾರು…”

“ಸರಿ,” ಎಂದಳು ಅವಳು.

ಆ ಒಂದು ‘ಸರಿ’ಯ ಚಳಿಗೆ ತಟ್ಟೆಯ ಅನ್ನವೂ ಆರಿಹೋಯಿತು. ಅವಳು ಎದ್ದು ಬಾಲ್ಕನಿಗೆ ಹೋದಳು. ಸ್ವಲ್ಪ ಹೊತ್ತಿನಲ್ಲಿ ಮಣ್ಣು ಸುರಿಯುವ ಸದ್ದು ಕೇಳಿಸಿತು.

“ಏನ್ ಮಾಡ್ತಿದ್ದೀಯಾ ಅಲ್ಲಿ?”

“ಕುಂಡ ಖಾಲಿ ಮಾಡ್ತಿದ್ದೀನಿ. ಬಿಸಿಲು ಮೇಡಂದು, ಗಂಡ ಊರವರ ಪಾಲು. ನೆರಳಲ್ಲಿ ಬೆಳೆಸೋದು ಸಾಕಾಯ್ತು ನಂಗೆ.”

ಅವಳು ಇಣುಕಿಯೂ ನೋಡಲಿಲ್ಲ. ಬಳ್ಳಿಯ ಬುಡ ಹಿಡಿದು ಎಳೆಯುತ್ತಿದ್ದಳು, ಅಳುತ್ತಿರಲಿಲ್ಲ. ಅತ್ತಿದ್ದರೆ ಅವನು ಸಮಾಧಾನವನ್ನಾದರೂ ಹೇಳಬಹುದಿತ್ತು. ಅಲ್ಪವಿರಾಮ ಎದ್ದು, ಒಂದು ತಿರುವಿನಲ್ಲೂ ನಿಲ್ಲದೆ ಮೂರನೇ ಮಹಡಿಗೆ ಓಡಿದ. ಕಟ್ಟಡದ ಇತಿಹಾಸದಲ್ಲಿ ಅದೇ ಮೊದಲು.

ಮೇಡಂ ಬಾಗಿಲು ತೆರೆದರು. ಒಳಗೆ ಅಡುಗೆಮನೆಯ ಕಟ್ಟೆಯ ಮೇಲೆ ಗೆದ್ದ ಕುಂಬಳಕಾಯಿ ವಿರಾಜಮಾನವಾಗಿತ್ತು.

“ಮೇಡಂ, ಬೆಳಗ್ಗೆ ಒಂದು… ಮುದ್ರಣದೋಷ ಆಗಿದೆ.”

“ಮುದ್ರಣದೋಷ ಅಲ್ಲ. ನಾಲ್ಕನೇ ಕ್ಲಾಸಿನ ಮಕ್ಕಳು ಮಾಡೋ ತಪ್ಪು,” ಎಂದರು ಮೇಡಂ ಶಾಂತವಾಗಿ. “ಒಳಗೆ ಬನ್ನಿ.”

“ನಿಮಗೆ ಆಗಲೇ ಗೊತ್ತಾಯ್ತಾ?”

“ಮೂವತ್ತು ಬ್ಯಾಚಿನ ಮಕ್ಕಳಿಗೆ ದಶಾಂಶ ಕಲಿಸಿದ್ದೀನಿ, ಗೊತ್ತಾಗಲ್ವಾ? ತಿದ್ದೋಣ ಅಂತ ಕೆಮ್ಮಿದೆ ಕೂಡ. ಅಷ್ಟರಲ್ಲಿ ಬಿಸಿಲು ನೆನಪಾಯ್ತು.”

ಅವನಿಗೆ ಸಿಟ್ಟು ಬರಬೇಕಿತ್ತು. ಆದರೆ ಸಿಟ್ಟು ಮಾಡಲು ತಲೆಯೆತ್ತಬೇಕಾಗುತ್ತದೆ; ಅದು ಏಳಲಿಲ್ಲ. ಮೇಡಂ ದೊಡ್ಡ ಚಾಕು ತೆಗೆದರು.

“ಕೂತ್ಕೋ. ನೆಟ್ಟಗೆ ಕೂತ್ಕೋ. ಇದು ಒಂದು ಇಡೀ ಕಾಯಿ ಅಂತ ಇಟ್ಕೋ. ಹತ್ತು ಪಾಲು ಮಾಡಿದ್ರೆ ಒಂದೊಂದು ಪಾಲು ಏನು?” ‘ನೀವು’ ಎಂಬುದು ಯಾವಾಗ ‘ನೀನು’ ಆಯಿತೆಂದು ಇಬ್ಬರಿಗೂ ತಿಳಿಯಲಿಲ್ಲ.

“ಮೇಡಂ, ಕಾಯಿ ಕತ್ತರಿಸಬೇಡಿ, ಅದು—”

“ಹೇಳಿದ್ದಕ್ಕೆ ಉತ್ತರ ಕೊಡು.”

“ಹತ್ತರಲ್ಲಿ ಒಂದು.”

ಚಾಕು ಇಳಿಯಿತು. ಹತ್ತು ಹೋಳುಗಳು ಸಾಲಾಗಿ ಮಲಗಿದವು. ಮೇಡಂ ಒಂದು ಹೋಳನ್ನು ಎತ್ತಿಕೊಂಡು ಅದರಿಂದ ಹತ್ತು ತೆಳ್ಳಗಿನ ಚೂರುಗಳನ್ನು ಸೀಳಿದರು. “ಬಿಂದುವಿನ ಬಲಗಡೆ ಮೊದಲನೇ ಮನೇಲಿ ಕೂರೋದು ಹೋಳು. ಎರಡನೇ ಮನೇಲಿ ಕೂರೋದು ಈ ಚೂರು. ನಿನ್ನ ಹೆಂಡತಿಯದು ಎಂಟು ಹೋಳು. ನನ್ನದು ಏಳು ಹೋಳು, ಐದು ಚೂರು. ಈಗ ಹೇಳು, ಯಾರದು ಹೆಚ್ಚು?”

“ನನ್ನ ಹೆಂಡತಿಯದು,” ಎಂದ ಅವನು, ಬೆಂಚಿನ ಮೇಲೆ ನಿಲ್ಲಿಸಿದ ಹುಡುಗನ ದನಿಯಲ್ಲಿ. ಅವನು ಅಳಿಸಿದ ಸೊನ್ನೆಯಿದ್ದಿದ್ದರೆ ಎಂಬತ್ತು ಚೂರುಗಳು ಕಣ್ಣೆದುರೇ ಇರುತ್ತಿದ್ದವು. “ಮೇಡಂ, ಒಂದು ಕೆಲಸ ಮಾಡೋಣ. ನೀವಾಗೇ ಮೂಲೆ ಬಿಟ್ಟುಕೊಟ್ಟೆ ಅಂತ ಹೇಳಿಬಿಡಿ. ವಯಸ್ಸಾಯ್ತು, ಬಿಸಿಲು ತಡೆಯೋಲ್ಲ ಅಂತ…”

“ನಾನು ಸುಳ್ಳು ಹೇಳೋಲ್ಲ.”

“ಬೆಳಗ್ಗೆ?”

“ಬೆಳಗ್ಗೆ ನಾನು ಏನೂ ಹೇಳ್ಲಿಲ್ಲ. ಮೂಲೆ ಬಿಡ್ತೀನಿ. ಆದ್ರೆ ಕಾರಣ ಏನು ಅಂತ ನೀನೇ ತಾರಸಿ ಮೇಲೆ ನಿಂತು ಎಲ್ಲರಿಗೂ ಹೇಳ್ಬೇಕು. ತಪ್ಪು ಬೋರ್ಡಿನ ಮೇಲೆ ಆಗಿದೆ, ತಿದ್ದೋದೂ ಬೋರ್ಡಿನ ಮೇಲೇ.”

ಸಂಜೆ ತಾರಸಿಗೆ ಎಲ್ಲರೂ ಬಂದರು. ಕರಡು ತಿದ್ದುವವನು ಏನನ್ನೋ ತಿದ್ದುತ್ತಾನಂತೆ ಎಂಬ ಸುದ್ದಿ ಮೇಡಂ ಮನೆಯಿಂದ ಇಳಿದು, ಹಲ್ಲಿನ ಡಾಕ್ಟರ ಮನೆಗೆ ತಲುಪುವಷ್ಟರಲ್ಲಿ ದೊಡ್ಡ ಮೋಸವೊಂದು ಬಯಲಾಗುತ್ತದಂತೆ ಎಂದಾಗಿತ್ತು. ಆದ್ದರಿಂದ ಬೆಳಗ್ಗೆ ಬಾರದಿದ್ದವರೂ ಕುರ್ಚಿ ಹೊತ್ತು ತಂದಿದ್ದರು.

ಹೆಂಡತಿ ಬಂದಿರಲಿಲ್ಲ. ಅವನು ಹಲಗೆಯ ಪಕ್ಕ ನಿಂತ. ಬೆಳಗಿನ ಅಂಕಿಗಳು ಅಲ್ಲೇ ಇದ್ದವು. ಅಳಿಸಿದ ಸೊನ್ನೆಯ ಗುರುತು ಬೂದು ಮಚ್ಚೆಯಾಗಿ ಉಳಿದು ಅವನನ್ನೇ ದಿಟ್ಟಿಸುತ್ತಿತ್ತು.

“ಬೆಳಗ್ಗೆ ನಾನು ಕೊಟ್ಟ ತೀರ್ಪು ತಪ್ಪು,” ಎಂದ. “ನಿಜವಾಗಿ ಗೆದ್ದದ್ದು… ನನ್ನ ಹೆಂಡತಿ.”

ತಾರಸಿಯಲ್ಲಿ ಒಂದು ‘ಓಹೋ’ ಎದ್ದು ನೀರಿನ ಟ್ಯಾಂಕನ್ನು ಸುತ್ತಿ ಬಂತು.

“ಸಾರ್,” ಎಂದರು ಕಾರ್ಯದರ್ಶಿಗಳು, “ಬೆಳಗ್ಗೆ ಸೋತವರು ಊಟ ಆದ ಮೇಲೆ ಗೆದ್ದರು ಅಂದ್ರೆ… ಮನೇಲಿ ಊಟ ಸಿಗ್ಲಿಲ್ವಾ?”

“ಊಟದ ವಿಷಯ ಅಲ್ಲ. ನನಗೆ…” ಅವನು ಕನ್ನಡಕ ಸರಿಪಡಿಸಿಕೊಂಡ.

“ಹೇಳಿಬಿಡಿ ಸಾರ್,” ಎಂದು ಹಲ್ಲಿನ ಡಾಕ್ಟರು ವೃತ್ತಿಯ ಅನುಕಂಪದಿಂದ ಹುರಿದುಂಬಿಸಿದರು. “ಎಳೆದು ಹಾಕೋವರೆಗೆ ಅಷ್ಟೇ ನೋವು. ಆಮೇಲೆ ಹಾಯಾಗಿರುತ್ತೆ.”

“ನನಗೆ ದಶಾಂಶ ಬರೋದಿಲ್ಲ,” ಎಂದ ಅಲ್ಪವಿರಾಮ.

ಹಾಯಾಗಲಿಲ್ಲ. ಒಬ್ಬರು ನಕ್ಕರು, ಇಬ್ಬರು ನಗು ತಡೆದರು. ತಡೆದವರದ್ದೇ ಹೆಚ್ಚು ಚುಚ್ಚಿತು. ಅವನು ನಿಯಮಗಳ ಕ್ರಮಸಂಖ್ಯೆಯ ಬಗ್ಗೆ, 9.9ರ ಮುಂದಿನ 9.10ರ ಬಗ್ಗೆ ವಿವರಿಸಲು ಹೊರಟ. ವಿವರಿಸಿದಷ್ಟೂ ಕೆಸರಿನಲ್ಲಿ ಕಾಲು ಕೀಳುವವನಂತೆ ಆಳಕ್ಕೆ ಇಳಿದ. ಕಡೆಗೆ ಪರದೆಯ ಕತೆಯನ್ನೂ ಹೇಳಿಬಿಟ್ಟ. ಹೇಳಬೇಕಾದ ಅಗತ್ಯವೇನೂ ಇರಲಿಲ್ಲ. ಆದರೆ ಒಮ್ಮೆ ಬಿಚ್ಚಿದ ಗಂಟು ಅವನ ಮಾತು ಕೇಳಲಿಲ್ಲ.

“ಇಷ್ಟೇನಾ!” ಎಂಬ ದನಿ ಹಿಂದಿನಿಂದ ಬಂತು.

ಹೆಂಡತಿ ಮೆಟ್ಟಿಲ ಬಾಗಿಲಲ್ಲಿ ನಿಂತಿದ್ದಳು. ಕೈಯೆಲ್ಲ ಮಣ್ಣು.

“ಗೊತ್ತಾಗ್ಲಿಲ್ಲ ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ ರೀ! ಬೇಕಂತ ಮಾಡಿದ್ರಿ ಅಂದ್ಕೊಂಡು ಕುಂಡ ಎಲ್ಲಾ ಖಾಲಿ ಮಾಡ್ಬಿಟ್ಟೆ!” ಅವಳ ದನಿಯಲ್ಲಿ ಸಿಟ್ಟಿತ್ತು, ಆದರೆ ಮಧ್ಯಾಹ್ನದ ಚಳಿಯಿರಲಿಲ್ಲ. ಊರೆದುರು ಮಾನ ಕಳೆದುಕೊಂಡರೂ ಮನೆಯೊಳಗೆ ಜಾಗ ಉಳಿಯಿತೆಂದು ಅವನಿಗೆ ಅನ್ನಿಸಿತು.

“ನನ್ನ ತಕರಾರಿಲ್ಲ,” ಎಂದರು ಮೇಡಂ. “ಮೂಲೆ ಅವಳದ್ದು.”

“ಒಂದು ನಿಮಿಷ,” ಎಂದು ಕಾರ್ಯದರ್ಶಿಗಳು ಬೆರಳೆತ್ತಿದರು. “ತೀರ್ಪುಗಾರರಿಗೇ ಅಂಕಿ ಬರೋದಿಲ್ಲ ಅಂದ ಮೇಲೆ ಬೆಳಗ್ಗೆ ಓದಿದ್ದು ಸರಿ ಅಂತ ಹೇಗೆ ನಂಬೋದು? ಎಲ್ಲರೆದುರು ಇನ್ನೊಂದು ಸಲ ತೂಗೋಣ. ಮೇಡಂ, ನಿಮ್ಮದು?”

“ಹೋಳಾಗಿದೆ. ಪಾಠಕ್ಕೆ ಬೇಕಾಗಿತ್ತು. ನನ್ನದು ಒಂಬತ್ತು ಏಳು ಐದು, ನಾನೇ ಕಣ್ಣಾರೆ ನೋಡಿದ್ದೀನಿ.” ಅದನ್ನು ಅನುಮಾನಿಸುವ ಧೈರ್ಯ ಯಾರಿಗೂ ಇರಲಿಲ್ಲ.

ಹೆಂಡತಿ ಓಡಿಹೋಗಿ ಕಾಯಿಯನ್ನು ಎದೆಗವುಚಿಕೊಂಡು ತಂದಳು. ತಾನೇ ಯಂತ್ರದ ತಟ್ಟೆಯ ಮೇಲಿಟ್ಟು ಮೆಲ್ಲಗೆ ಕೈ ಬಿಟ್ಟಳು. ದುಂಡು ಕಾಯಿ ಅತ್ತಿತ್ತ ಓಲಾಡಿ, ತಟ್ಟೆಯ ಅಂಚಿಗೆ ಒರಗಿ ನಿಂತಿತು. ಅಲ್ಪವಿರಾಮ ಇತ್ತ ತಿರುಗಿಯೂ ನೋಡದೆ, ಕೈಗೆ ಸಿಕ್ಕ ಬಟ್ಟೆಯಿಂದ ಹಲಗೆಯ ಮೇಲಿನ ತನ್ನ ತಪ್ಪು ತೀರ್ಪನ್ನು ಹುರುಪಿನಿಂದ ಒರೆಸುತ್ತಿದ್ದ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವನು ತಿರುಗಿದ.

ಯಂತ್ರದಲ್ಲಿ 9.74 ಎಂದಿತ್ತು.

“ಇದೇನು?” ಎಂದಳು ಹೆಂಡತಿ. ಎತ್ತಿ ಮತ್ತೆ ಇಟ್ಟಳು. 9.74.

“ಬಿಸಿಲಿಗೆ ಒಣಗಿರಬಹುದು,” ಎಂದರು ಹಲ್ಲಿನ ಡಾಕ್ಟರು.

“ನಮ್ಮನೇಲಿ ಬಿಸಿಲೆಲ್ಲಿದೆ ಡಾಕ್ಟ್ರೇ?”

“ಯಂತ್ರ ಕೆಟ್ಟಿರಬೇಕು,” ಎಂದರು ಇನ್ಯಾರೋ. ಕಾರ್ಯದರ್ಶಿಗಳು ಕಾಯಿಯನ್ನು ಇಳಿಸಿ, ಒಂದು ಕಿಲೋ ಸಕ್ಕರೆಯ ಪೊಟ್ಟಣ ತರಿಸಿ ಇಟ್ಟರು. ಯಂತ್ರ ಸರಿಯಾಗಿಯೇ ಇತ್ತು.

ಮೇಡಂ ಮಾತ್ರ ಯಂತ್ರದ ಕಡೆ ನೋಡುತ್ತಿರಲಿಲ್ಲ. ಅವರ ಕಣ್ಣು ಅಲ್ಪವಿರಾಮನ ಕೈಯ ಮೇಲೆ ನೆಟ್ಟಿತ್ತು.

“ಬೋರ್ಡು ಒರೆಸ್ತಿರೋದು ಏನದು?”

ಅವನು ಕೈ ನೋಡಿಕೊಂಡ. ಸೀಮೆಸುಣ್ಣದ ಪುಡಿ ಮೆತ್ತಿದ ಸಿಂಬಿ.

“ಇದಾ? ಕಾಯಿ ಉರುಳದ ಹಾಗೆ ಬೆಳಗ್ಗೆ ಕೆಳಗೆ…” ಎಂದವನು ಅಲ್ಲಿಗೇ ನಿಂತ. ಬದುಕಿನಲ್ಲಿ ಅಷ್ಟು ದೀರ್ಘವಾಗಿ ಅವನು ಎಂದೂ ನಿಂತಿರಲಿಲ್ಲ.

ಕಾರ್ಯದರ್ಶಿಗಳು ಸಿಂಬಿಯನ್ನು ಅವನ ಕೈಯಿಂದ ಬಿಡಿಸಿಕೊಂಡು, ಕೊಡವಿ, ಯಂತ್ರದ ಮೇಲಿಟ್ಟರು. 0.06.

“ಅಂದ್ರೆ ಸಾರ್,” ಎಂದರು ಅವರು, ಒಂದೊಂದೇ ಮಾತನ್ನು ಅಗಿಯುತ್ತ, “ಬೆಳಗ್ಗೆ ನೀವು ನಿಮ್ಮ ಹೆಂಡತಿಗೆ ಅರವತ್ತು ಗ್ರಾಂ ಸೇರಿಸಿ ಕೊಟ್ರಿ. ಸೇರಿಸಿ ಕೊಟ್ಟೂ ಸೋಲಿಸಿದ್ರಿ. ಈಗ ಗೆಲ್ಲಿಸ್ತೀನಿ ಅಂತ ನಮ್ಮನ್ನೆಲ್ಲ ಮೇಲೆ ಹತ್ತಿಸಿ, ನಿಮಗೆ ಲೆಕ್ಕ ಬರೋಲ್ಲ ಅಂತ ಹೇಳಿ, ಮತ್ತೆ ಸೋಲಿಸಿದ್ರಿ. ಪಕ್ಷಪಾತ ಮಾಡೋಕೂ ಧೈರ್ಯ ಬೇಕು ಅಂದಿದ್ದೆ. ಬುದ್ಧೀನೂ ಬೇಕು ಅನ್ನೋದು ಗೊತ್ತಿರಲಿಲ್ಲ.”

ಈ ಬಾರಿ ಯಾರೂ ನಗು ತಡೆಯಲಿಲ್ಲ. ಹೆಂಡತಿ ಕಾಯಿಯನ್ನು ಎತ್ತಿಕೊಂಡಳು. ಕೆಳಗೆ ಖಾಲಿ ಕುಂಡಗಳು ಅವಳಿಗಾಗಿ ಕಾಯುತ್ತಿದ್ದವು. ಬಾಗಿಲಲ್ಲಿ ತಿರುಗಿ, “ಬರೋವಾಗ ಆ ಸಿಂಬೀನೂ ತಗೊಂಡು ಬನ್ನಿ. ಪರದೆಗೆ ತೇಪೆ ಹಾಕೋಕಾಗುತ್ತೆ,” ಎಂದಳು.

“ನಾನು ಬೆಳಗ್ಗೆ ಸುಮ್ಮನಿದ್ದದ್ದೇ ಸರಿಯಾಯ್ತು ನೋಡು,” ಎಂದು ಮೇಡಂ ಸೀಮೆಸುಣ್ಣವನ್ನು ಅವನ ಕೈಗಿತ್ತರು. “ಬರಿ. ಏನು ಕಂಡುಬಂತು ಅಂತ ಬರಿ. ಎಲ್ಲರಿಗೂ ಕಾಣೋ ಹಾಗೆ ದೊಡ್ಡ ಅಕ್ಷರದಲ್ಲಿ.”

ಅವನು ಬರೆದ. ಬರೆದ ಫಲಿತಾಂಶ ಇಷ್ಟು: 9.74ಕ್ಕಿಂತ 9.75 ದೊಡ್ಡದು, ಬೆಳಗಿನ ತಪ್ಪು ವಿಧಾನದಿಂದ ನೋಡಿದರೂ, ಸಂಜೆಯ ಸರಿಯಾದ ವಿಧಾನದಿಂದ ನೋಡಿದರೂ.